ಮೀಸೆ ಮಣ್ಣಾದ ಮೇಲೆ

ಸೋತು ಕೂತವರು ಮತ್ತೆ ಏಳುವುದು ಹೇಗೆ? ಆಟದ ಅಂಗಳದಲ್ಲಿ ಇದಕ್ಕೊಂದು ಏರ್ಪಾಡಿದೆ. ಅದನ್ನು ಮನೆಗೂ ತರಬಹುದು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ಈ ಗಾದೆಯನ್ನು ನಾವು ಬೇರೆಯವರನ್ನು ಹಂಗಿಸಲು ಬಳಸುತ್ತೇವೆ. ಸರದಿ ನಮ್ಮದಾದಾಗ ಮಾತ್ರ ಮೊದಲು ಮಾಡುವ ಕೆಲಸ ಯಾರೂ ನೋಡದ ಹಾಗೆ ಮೀಸೆ ಒರೆಸಿಕೊಳ್ಳುವುದು.

ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಒಂದು ಶುಕ್ರವಾರ ಸಂಜೆ ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ ಅವನ ಕೆಲಸ ಹೋಯಿತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅಕ್ಕ ಕಟ್ಟಿಕೊಟ್ಟ ಚಪಾತಿ–ಪಲ್ಯದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟ. ಹೋಗಿದ್ದು ಎರಡು ಸ್ಟಾಪ್ ಆಚೆಯ ಪಾರ್ಕಿಗೆ. ಮೂರು ವಾರ ಇದೇ ನಡೆಯಿತು. ಒಂದು ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತವನು ನನ್ನ ಕಣ್ಣಿಗೆ ಬಿದ್ದ. "ಅಮ್ಮಂಗೆ ಹೇಳ್ಬೇಡಿ ಮಾವ" ಎಂಬುದೇ ಅವನ ಮೊದಲ ಮಾತು.

ಈ ಹುಡುಗ ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡುತ್ತಿದ್ದ. ತಾಲ್ಲೂಕು ಮಟ್ಟದವರೆಗೂ ಹೋಗಿದ್ದ. "ಅಲ್ಲಿ ಎಷ್ಟು ಸಲ ಔಟಾಗಿದ್ದೀಯೋ?" ಎಂದು ಕೇಳಿದೆ. "ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ ಮಾವ" ಎಂದು ನಕ್ಕ. ಮೂರು ವಾರದಲ್ಲಿ ಅದು ಅವನ ಮೊದಲ ನಗು ಇರಬೇಕು.

ಅಂಕಣದಲ್ಲಿ ಲೆಕ್ಕಕ್ಕಿಲ್ಲದ ಸೋಲು ಆಫೀಸಿನಲ್ಲಿ ಮುಖ ಮುಚ್ಚಿಕೊಳ್ಳುವಂತೆ ಮಾಡಿದ್ದು ಯಾಕೆ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಆಟಗಾರರ ಎದೆ ನಮ್ಮ ಎದೆಗಿಂತ ಗಟ್ಟಿ ಎಂದೇನೂ ನನಗೆ ಅನ್ನಿಸುವುದಿಲ್ಲ. ಸೋಲು ಬರುತ್ತದೆ ಎಂದು ಗೊತ್ತಿದ್ದೇ ಅವರ ಜಗತ್ತು ಕಟ್ಟಿಕೊಂಡಿದೆ. ಅಲ್ಲಿ ಸ್ಕೋರ್‌ಬೋರ್ಡ್ ಇದೆ, ಮುಂದಿನ ಪಂದ್ಯದ ತಾರೀಖಿದೆ, ಗಾಯ ನೋಡಲು ಫಿಸಿಯೊ ಇದ್ದಾರೆ, ಕೂರಲು ಬೆಂಚಿದೆ. ಕೆಲಸ ಹೋದಾಗ, ಪರೀಕ್ಷೆ ಕೈಕೊಟ್ಟಾಗ, ಅಂಗಡಿಯ ಷಟರ್ ಎಳೆಯಬೇಕಾದಾಗ ಇವುಗಳಲ್ಲಿ ಒಂದೂ ತಾನಾಗಿ ಒದಗುವುದಿಲ್ಲ. ಒಂದೊಂದಾಗಿ ನಾವೇ ಮಾಡಿಕೊಳ್ಳಬೇಕು.

ಮೊದಲು ಸ್ಕೋರ್ ಬರೆದಿಡಿ

2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ ಆಸ್ಟ್ರೇಲಿಯಾ ಎದುರು 1–7ರಿಂದ ಸೋತಿತು. ಹಳೆಯ ಗಾಯಗಳನ್ನೆಲ್ಲ ಒಟ್ಟಿಗೇ ಕೆದಕಿದಂಥ ಸೋಲು. 2008ರ ಬೀಜಿಂಗ್ ಕೂಟಕ್ಕೆ ಭಾರತ ಅರ್ಹತೆಯನ್ನೇ ಪಡೆದಿರಲಿಲ್ಲ. 2012ರ ಲಂಡನ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹನ್ನೆರಡನೇ ಸ್ಥಾನ. ಆ ಲಂಡನ್ ತಂಡದಲ್ಲಿದ್ದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಟೋಕಿಯೊದಲ್ಲೂ ಗೋಲು ಕಾಯುತ್ತಿದ್ದರು. ಹಿಂದಿನ ವರ್ಷದ ಲಾಕ್‌ಡೌನ್‌ನಲ್ಲಿ ತಂಡ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಆವರಣದಲ್ಲೇ ಉಳಿದು ತಯಾರಿ ನಡೆಸಿತ್ತು. ಅದೆಲ್ಲ ಏಳು ಗೋಲಿನಲ್ಲಿ ಕೊಚ್ಚಿಹೋಯಿತೇನೋ ಅನ್ನಿಸುವಂತಿತ್ತು.

ಎರಡು ದಿನ ಬಿಟ್ಟು ಸ್ಪೇನ್ ಜೊತೆ ಪಂದ್ಯವಿತ್ತು. ಭಾರತ 3–0ರಿಂದ ಗೆದ್ದಿತು. ಆಗಸ್ಟ್ 5ರಂದು ಜರ್ಮನಿ ಎದುರು 1–3ರಿಂದ ಹಿಂದೆ ಬಿದ್ದಿದ್ದರೂ 5–4ರಿಂದ ಗೆದ್ದು ಕಂಚು ತಂದಿತು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತಕ್ಕೆ 41 ವರ್ಷಗಳ ನಂತರ ಸಿಕ್ಕ ಪದಕ ಅದು.

ನಾನು ನೋಡುವುದು ಆಸ್ಟ್ರೇಲಿಯಾಕ್ಕೂ ಸ್ಪೇನಿಗೂ ನಡುವಿನ ಆ ಎರಡು ದಿನಗಳನ್ನು. ಏಳು ಗೋಲು ಬಿದ್ದಿಲ್ಲ ಎನ್ನುವ ಹಾಗಿರಲಿಲ್ಲ. ಬೋರ್ಡಿನ ಮೇಲೆ ಊರಿಗೆಲ್ಲ ಕಾಣುತ್ತಿತ್ತು. ವಾರಗಟ್ಟಲೆ ಅದನ್ನೇ ಮೆಲುಕು ಹಾಕುವ ಹಾಗೂ ಇರಲಿಲ್ಲ. 27ನೇ ತಾರೀಖು ಎದುರಿಗೇ ನಿಂತಿತ್ತು. ಅಮೆರಿಕನ್ ಫುಟ್‌ಬಾಲ್‌ನ ಹೆಸರಾಂತ ಕೋಚ್ ಡಾನ್ ಶೂಲಾ ತಮ್ಮ ತಂಡಕ್ಕೆ 24 ಗಂಟೆಗಳ ಕಟ್ಟಳೆ ಹಾಕಿದ್ದರು. ಗೆದ್ದರೆ ಹಬ್ಬ, ಸೋತರೆ ಸೂತಕ. ಎರಡಕ್ಕೂ ಒಂದೇ ದಿನ.

ನೀವು ಮಾಡಬೇಕಾದ್ದು ಇಷ್ಟು. ಒಂದು ಹಾಳೆಯಲ್ಲಿ ಸ್ಕೋರ್ ಬರೆಯಿರಿ, ವಿಶೇಷಣಗಳಿಲ್ಲದೆ. "ನಾನು ನಾಲಾಯಕ್ಕು" ಎಂಬುದು ಸ್ಕೋರ್ ಅಲ್ಲ. "ಕೆಲಸ ಹೋಗಿದೆ, ಕೈಯಲ್ಲಿ ಎರಡು ತಿಂಗಳ ಸಂಬಳವಿದೆ, ಮನೆ ಬಾಡಿಗೆ ಇಷ್ಟು, ಗಾಡಿ ಸಾಲದ ಕಂತು ಇಷ್ಟು" ಎಂಬುದು ಸ್ಕೋರ್. ಬರೆದಾಗ ಸೋಲು ಒಂದು ಅಳತೆಗೆ ಬರುತ್ತದೆ. ತಲೆಯೊಳಗೆ ಇರುವತನಕ ಅದಕ್ಕೆ ಅಂಚೇ ಇರುವುದಿಲ್ಲ.

ಸೂತಕಕ್ಕೂ ಒಂದು ಗಡುವು ಹಾಕಿಕೊಳ್ಳಿ. ಸಣ್ಣ ಸೋಲಿಗೆ ಒಂದು ದಿನ, ದೊಡ್ಡದಕ್ಕೆ ಒಂದು ವಾರ. ಆ ಅವಧಿಯಲ್ಲಿ ಅಳಿ, ಮಲಗಿ, ಯಾರ ಫೋನೂ ಎತ್ತಬೇಡಿ. ಮನಸ್ಸು ಕುದಿಯುತ್ತಿದ್ದರೆ ಕಾಗದಕ್ಕೆ ಸುರಿಯಿರಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಪರೀಕ್ಷಿಸುತ್ತ ಬಂದ ವಿಧಾನ ಸರಳವಾಗಿದೆ: ನಾಲ್ಕು ದಿನ, ದಿನಕ್ಕೆ ಹದಿನೈದು–ಇಪ್ಪತ್ತು ನಿಮಿಷ, ಕಾಗುಣಿತದ ಗೊಡವೆಯಿಲ್ಲದೆ, ಯಾರಿಗೂ ತೋರಿಸಬೇಕಿಲ್ಲದೆ ಬರೆಯುವುದು. ಸಾವಿನ ದುಃಖ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಗಡುವು ಹಾಕಲು ಯಾರಿಗೂ ಹಕ್ಕಿಲ್ಲ.

ತಪ್ಪನ್ನು ಸಣ್ಣಗೆ ಹೆಚ್ಚಿ

ವೇಟ್‌ಲಿಫ್ಟಿಂಗ್‌ನಲ್ಲಿ ಒಬ್ಬರಿಗೆ ಆರು ಅವಕಾಶ: ಸ್ನ್ಯಾಚ್‌ನಲ್ಲಿ ಮೂರು, ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು ಅವರಿಗೆ ಆರರಲ್ಲಿ ದಕ್ಕಿದ್ದು ಒಂದೇ ಒಂದು. ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನಗಳು ಕೈತಪ್ಪಿ, ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅಂಕಿಯ ಬದಲು ‘ಪೂರ್ಣಗೊಳಿಸಲಿಲ್ಲ’ ಎಂಬ ಷರಾ ಬಿತ್ತು. ಕೊನೆಯ ಸ್ಥಾನವೂ ಇಲ್ಲದ ಸೋಲು ಅದು.

ಮರುವರ್ಷ ಅವರು ವಿಶ್ವ ಚಾಂಪಿಯನ್ ಆದರು. 2018ರಲ್ಲಿ ಬೆನ್ನು ಕೈಕೊಟ್ಟಿತು. 2020ರಲ್ಲಿ ಅಮೆರಿಕಕ್ಕೆ ಹೋಗಿ, ಸ್ವತಃ ಭಾರ ಎತ್ತುತ್ತಿದ್ದ ಫಿಸಿಯೊಥೆರಪಿಸ್ಟ್ ಆ್ಯರನ್ ಹಾರ್ಶಿಗ್ ಅವರ ಬಳಿ ತಮ್ಮ ಭುಜದ ತೊಂದರೆಗೆ ಪರಿಹಾರ ಹುಡುಕಿದರು. 2021ರ ಜುಲೈ 24ರಂದು ಟೋಕಿಯೊದಲ್ಲಿ 87 ಮತ್ತು 115, ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು.

ಈ ಐದು ವರ್ಷಗಳಲ್ಲಿ ತೊಂದರೆಯ ಹೆಸರು ಹೇಗೆ ಬದಲಾಯಿತು ನೋಡಿ. ಹೊರಗಿನವರಿಗೆ ಅದು ‘ರಿಯೊ ವೈಫಲ್ಯ’. ತರಬೇತಿಯ ಕೋಣೆಯಲ್ಲಿ ಅದು ಭುಜ, ಬೆನ್ನು, ಹಿಡಿತ. ವೈಫಲ್ಯಕ್ಕೆ ವ್ಯಾಯಾಮವಿಲ್ಲ, ಭುಜಕ್ಕಿದೆ. "ನನಗೆ ಗಣಿತ ತಲೆಗೆ ಹತ್ತಲ್ಲ" ಎಂದ ಮಗುವಿಗೆ ನಾವು ಏನೂ ಮಾಡಲಾರೆವು. "ತ್ರಿಕೋನಮಿತಿಯ ಎರಡು ಲೆಕ್ಕ ಬಿಟ್ಟೆ, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು" ಎಂದರೆ ನಾಳೆಯೇ ಕೆಲಸ ಶುರು ಮಾಡಬಹುದು.

ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ನನ್ನ ಕೈಲಿಲ್ಲದ್ದು, ಎರಡನೆಯದರಲ್ಲಿ ನನ್ನ ಕೈಲಿದ್ದು ನಾನು ಬಿಟ್ಟದ್ದು, ಮೂರನೆಯದರಲ್ಲಿ ಅದಕ್ಕೆ ಈ ತಿಂಗಳು ಮಾಡಬಹುದಾದ ಒಂದು ಅಭ್ಯಾಸ. ಅಕ್ಕನ ಮಗನ ಹಾಳೆ ಹೀಗಿತ್ತು. ಕೈಲಿಲ್ಲದ್ದು: ಪ್ರಾಜೆಕ್ಟನ್ನೇ ಮುಚ್ಚಿದರು. ಬಿಟ್ಟದ್ದು: ಮೂರು ವರ್ಷ ಹೊಸದೇನೂ ಕಲಿಯಲಿಲ್ಲ, ಹಳೆಯ ಸಹೋದ್ಯೋಗಿಗಳಿಗೆ ಒಂದು ಫೋನೂ ಮಾಡಲಿಲ್ಲ. ಅಭ್ಯಾಸ: ದಿನಕ್ಕೆ ಎರಡು ತಾಸು ಒಂದೇ ಕೋರ್ಸ್, ದಿನಕ್ಕೊಂದು ಫೋನ್.

ಎಲ್ಲವನ್ನೂ ಮೊದಲ ಕಾಲಂಗೆ ತುಂಬುವವರಿದ್ದಾರೆ, ಎಲ್ಲವನ್ನೂ ಎರಡನೆಯದಕ್ಕೆ ಹಾಕಿಕೊಂಡು ತಮ್ಮನ್ನೇ ಬಡಿದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಹಾಳೆಯನ್ನು ನಿಮ್ಮ ಕೆಲಸ ಕಣ್ಣಾರೆ ಕಂಡ ಒಬ್ಬರಿಗೆ ತೋರಿಸಿ. ಕೋಚ್ ಪಕ್ಕದಲ್ಲಿ ಕೂತು ಸೋತ ಪಂದ್ಯದ ವಿಡಿಯೊ ನೋಡುವುದು ಇದಕ್ಕೇ.

ಭಾರವನ್ನು ಮೆಲ್ಲಗೆ ಏರಿಸಿ

ಛಲ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವ ಚಿತ್ರ ಒಂದಿದೆ. 2002ರ ಮೇ ತಿಂಗಳು, ಆಂಟಿಗಾ. ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದು 14 ಓವರ್ ಹಾಕಿದರು, ಬ್ರಯನ್ ಲಾರಾ ಅವರನ್ನು ಎಲ್‌ಬಿ ಬಲೆಗೆ ಕೆಡವಿದರು. ಆಮೇಲೆ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಮಾನ ಹತ್ತಿದರು.

ಈ ಕತೆಯನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಹೇಳುತ್ತಾರೆ. ಅದಕ್ಕೂ ಹಿಂದಿನ ಕತೆಯನ್ನು ಯಾರೂ ಹೇಳುವುದಿಲ್ಲ, ಅದರಲ್ಲಿ ರೋಮಾಂಚನವಿಲ್ಲ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಕುಂಬ್ಳೆ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ಆ ಜಾಗಕ್ಕೆ ಬಂದ ಹರಭಜನ್ ಸಿಂಗ್ ಮನೆಮಾತಾದರು. ಕುಂಬ್ಳೆ ಮರಳಿದರು, 2008ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 619 ಟೆಸ್ಟ್ ವಿಕೆಟ್‌ಗಳಿದ್ದವು. ಆಂಟಿಗಾದ ಹದಿನಾಲ್ಕು ಓವರಿಗೆ ಧೈರ್ಯ ಸಾಕಿತ್ತು. ಭುಜ ಕೊಯ್ಯಿಸಿಕೊಂಡ ಮೇಲೂ ಏಳು ವರ್ಷ ಚೆಂಡು ಎಸೆಯಲು ವೈದ್ಯರು, ವಿಶ್ರಾಂತಿ, ಬೇಸರದ ವ್ಯಾಯಾಮ ಎಲ್ಲವೂ ಬೇಕಾಯಿತು.

ಮೊಣಕಾಲಿನ ಎಸಿಎಲ್ ರಜ್ಜು ಹರಿದು ಶಸ್ತ್ರಚಿಕಿತ್ಸೆಯಾದ ಆಟಗಾರರನ್ನು ಸಾಮಾನ್ಯವಾಗಿ ಒಂಬತ್ತು ತಿಂಗಳಾಗುವ ಮೊದಲು ಪೂರ್ತಿ ಪಂದ್ಯಕ್ಕೆ ಇಳಿಸುವುದಿಲ್ಲ. ಮೊದಲು ಕಾಲು ಮಡಚುವುದು, ಆಮೇಲೆ ನಡಿಗೆ, ಮೆಲ್ಲನೆ ಓಟ, ತಿರುವು, ಜಿಗಿತ, ಕೊನೆಗೆ ಪಂದ್ಯ. ನೋವು ಹೋಗಿರುವುದು ಬೇರೆ, ಕಾಲು ಸಿದ್ಧವಾಗಿರುವುದು ಬೇರೆ. ಆಟಗಾರನಿಗೆ ಅವಸರ ಇದ್ದೇ ಇರುತ್ತದೆ; ಬೇಡ ಎನ್ನುವುದು ಫಿಸಿಯೊ ಕೆಲಸ.

ನಮಗೆ ಬೇಡ ಎನ್ನುವವರಿಲ್ಲ. ಹೋಟೆಲು ಮುಳುಗಿದ ತಿಂಗಳಲ್ಲೇ ಸಾಲ ಎತ್ತಿ ಇನ್ನೊಂದು ತೆರೆಯುತ್ತೇವೆ. ಪರೀಕ್ಷೆ ಫೇಲಾದ ಮರುದಿನ ಹದಿನಾಲ್ಕು ಗಂಟೆಗಳ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸುತ್ತೇವೆ. ನಾಲ್ಕನೇ ದಿನ ಆ ಹಾಳೆ ಗೋಡೆಯಲ್ಲೇ ಇರುತ್ತದೆ, ನಾವು ಹಾಸಿಗೆಯಲ್ಲಿ ಇರುತ್ತೇವೆ.

ಫಿಸಿಯೊಗಳು ಕೇಳುವ ಒಂದು ಪ್ರಶ್ನೆಯನ್ನು ಎರವಲು ತನ್ನಿ: "ಬೆಳಿಗ್ಗೆ ಎದ್ದಾಗ ಹೇಗಿತ್ತು?" ವ್ಯಾಯಾಮ ಮಾಡುವಾಗಿನ ಹುರುಪನ್ನು ಅವರು ನಂಬುವುದಿಲ್ಲ. ಮರುದಿನ ಬೆಳಿಗ್ಗೆ ಊತ, ನೋವು ಹೆಚ್ಚಿದ್ದರೆ ನಿನ್ನೆಯ ಭಾರ ಜಾಸ್ತಿಯಾಯಿತು ಎಂದರ್ಥ. ನೀವೂ ಅಷ್ಟೇ. ಮೊದಲ ವಾರ ದಿನಕ್ಕೆ ಒಂದು ಗಂಟೆಯ ಕೆಲಸ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ಅದನ್ನು ಮುಂದುವರಿಸಬಹುದು ಅನ್ನಿಸಿದರೆ ಎರಡನೇ ವಾರ ಒಂದೂವರೆ ಗಂಟೆ. ನಿದ್ದೆ, ಹೊತ್ತಿಗೆ ಸರಿಯಾಗಿ ಊಟ, ಅರ್ಧ ಗಂಟೆ ನಡಿಗೆ ಇವು ಚಿಕಿತ್ಸೆಯ ಭಾಗ. ರಾತ್ರಿ ಹತ್ತರ ಮೇಲೆ ಯಾವ ದೊಡ್ಡ ನಿರ್ಧಾರವೂ ಬೇಡ.

ಒಂದು ಸೆಷನ್ ದಾಟಿದರೆ ಸಾಕು

ಕುಂಬ್ಳೆ ತಪ್ಪಿಸಿಕೊಂಡ ಆ ಸರಣಿಯಲ್ಲೇ ಕೋಲ್ಕತ್ತ ಟೆಸ್ಟ್ ನಡೆಯಿತು. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ ಈಡನ್ ಗಾರ್ಡನ್ಸ್‌ನಲ್ಲಿ 445 ರನ್ ಗಳಿಸಿತು. ಭಾರತ 171ಕ್ಕೆ ಮುಗಿಯಿತು. 274 ರನ್ ಹಿಂದೆ, ಫಾಲೋ ಆನ್. ಮೊದಲ ಇನಿಂಗ್ಸ್‌ನಲ್ಲಿ ಆರನೇ ಕ್ರಮಾಂಕದಲ್ಲಿ 59 ಹೊಡೆದಿದ್ದ ವಿ.ವಿ.ಎಸ್. ಲಕ್ಷ್ಮಣ್ ಅವರಿಗೆ ಮೂರನೇ ಕ್ರಮಾಂಕಕ್ಕೆ ಬಡ್ತಿ ಸಿಕ್ಕಿತು. ಮೂರನೆಯದು ಯಾರ ಜಾಗವಾಗಿತ್ತೋ ಆ ರಾಹುಲ್ ದ್ರಾವಿಡ್ ಆರಕ್ಕೆ ಇಳಿದರು. ಇಡೀ ತಂಡ ಸೋಲಿನ ಅಂಚಿನಲ್ಲಿ ನಿಂತಿದ್ದಾಗ ದ್ರಾವಿಡ್‌ಗೆ ಬಂದ ಸ್ವಂತದ ಹಿಂಬಡ್ತಿ ಇದು.

ಅವರು ಕ್ರೀಸಿಗೆ ಬಂದಾಗ ಸ್ಕೋರು ನಾಲ್ಕಕ್ಕೆ 232. ಇನಿಂಗ್ಸ್ ಸೋಲು ತಪ್ಪಿಸಲು ಇನ್ನೂ 42 ರನ್ ಬೇಕಿತ್ತು. ಲಕ್ಷ್ಮಣ್‌ಗೆ ಬೆನ್ನುನೋವು, ದ್ರಾವಿಡ್‌ಗೆ ಜ್ವರದ ಸುಸ್ತು. ಮಾರ್ಚ್ ತಿಂಗಳ ಕೋಲ್ಕತ್ತದ ಸೆಖೆ ಬೇರೆ. ಮೂರನೇ ದಿನ ಮುಗಿದಾಗ 254. ನಾಲ್ಕನೇ ದಿನ ಬೆಳಿಗ್ಗೆ ಇಬ್ಬರೂ ಬ್ಯಾಟು ಹಿಡಿದು ಒಳಹೋದರು. ಊಟದ ವಿರಾಮ ಬಂತು, ವಿಕೆಟ್ ಬೀಳಲಿಲ್ಲ. ಚಹಾ ಬಂತು, ಬೀಳಲಿಲ್ಲ. ಸಂಜೆ ಆಟ ನಿಂತಾಗ ನಾಲ್ಕಕ್ಕೆ 589. 90 ಓವರು, 335 ರನ್, ಒಂದೂ ವಿಕೆಟ್ ಇಲ್ಲ. ಮರುದಿನ ಔಟಾಗುವ ಹೊತ್ತಿಗೆ ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಅದೇ ದಿನ ಭಾರತ 171 ರನ್‌ಗಳಿಂದ ಗೆದ್ದಿತು.

ಟೆಸ್ಟ್ ಕ್ರಿಕೆಟ್ಟಿನ ಜಾಣತನವೆಂದರೆ ದಿನವನ್ನು ಮೂರು ಸೆಷನ್‌ಗಳಾಗಿ ಕತ್ತರಿಸಿರುವುದು. 274 ಎಂಬ ಗುಡ್ಡವನ್ನು ನೋಡುತ್ತ ಯಾರೂ ಬ್ಯಾಟ್ ಮಾಡಲಾರರು. ಊಟದವರೆಗೆ ನಿಲ್ಲುವುದನ್ನು ಮಾಡಬಹುದು. ಅದೂ ದೊಡ್ಡದೆನಿಸಿದರೆ ಈ ಓವರು.

ಮನೆಯಲ್ಲಿ ಇದನ್ನು ಹೀಗೆ ಅಳವಡಿಸಿ. ದಿನವನ್ನು ಮೂರು ಭಾಗ ಮಾಡಿ, ಭಾಗಕ್ಕೆ ಒಂದೇ ಕೆಲಸ ಹಂಚಿ. ಬೆಳಿಗ್ಗೆ ಎರಡು ಅರ್ಜಿ, ಮಧ್ಯಾಹ್ನ ಎರಡು ತಾಸು ಓದು, ಸಂಜೆ ಒಬ್ಬರ ಭೇಟಿ. ಒಂದು ಸೆಷನ್ ಹಾಳಾದರೆ ಹಾಳಾಗಲಿ, ಚಹಾ ಕುಡಿದು ಮುಂದಿನದಕ್ಕೆ ಹೊಸದಾಗಿ ಗಾರ್ಡ್ ತೆಗೆದುಕೊಳ್ಳಿ. ಇಂದಿನ ಗುರಿಯಲ್ಲಿ ‘ಕೆಲಸ ಸಿಗಬೇಕು’ ಎಂದಿರದೆ ‘ಎರಡು ಅರ್ಜಿ ಹೋಗಬೇಕು’ ಎಂದಿರಲಿ. ಮೊದಲನೆಯದು ಬೇರೆಯವರ ಕೈಲಿದೆ, ಎರಡನೆಯದು ನಿಮ್ಮ ಕೈಲಿ.

ಹಳೆಯ ಜಾಗ ಸಿಗದಿದ್ದರೆ

ಕೆಲವು ಸಲ ಮರಳಲು ಬಾಗಿಲಿರುತ್ತದೆ, ಅದು ಹಳೆಯ ಬಾಗಿಲಲ್ಲ. ದ್ರಾವಿಡ್ ಒಂದು ಕಾಲಕ್ಕೆ ನಿಧಾನಗತಿಯ ಆಟಗಾರ ಎಂಬ ಹಣೆಪಟ್ಟಿಯೊಂದಿಗೆ ಏಕದಿನ ತಂಡದಿಂದ ಹೊರಬಿದ್ದಿದ್ದರು. ಮುಂದೆ ತಂಡಕ್ಕೆ ಹೆಚ್ಚುವರಿ ಬ್ಯಾಟ್ಸ್‌ಮನ್ ಬೇಕಾದಾಗ ವಿಕೆಟ್ ಕೀಪಿಂಗ್ ಗ್ಲೌಸ್ ತೊಟ್ಟರು. 2003ರ ವಿಶ್ವಕಪ್ ಫೈನಲ್‌ವರೆಗೆ ಹೋದ ತಂಡದ ಕೀಪರ್ ಅವರೇ. ಏಕದಿನ ಕ್ರಿಕೆಟ್ಟಿಗೆ ಒಗ್ಗುವುದಿಲ್ಲ ಅನ್ನಿಸಿಕೊಂಡವರು ಆ ಮಾದರಿಯಲ್ಲಿ 10,889 ರನ್ ಗಳಿಸಿ ಹೊರನಡೆದರು.

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2021ರ ಆರಂಭದಲ್ಲಿ ಸಾಲಾಗಿ ಏಳು ಪಂದ್ಯ ಸೋತಿದ್ದರು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು, ವಯಸ್ಸು ನಲವತ್ತು ದಾಟಿತ್ತು. ಜಿಮ್ಮಿನ ಭಾರವನ್ನೇ ನೆಚ್ಚಿಕೊಳ್ಳದೆ ಅಯ್ಯಂಗಾರ್ ಯೋಗ ಹಿಡಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ರೋಗಿಷ್ಠ ಬಾಲಕನಾಗಿ ಬೆಳೆದ ಬಿ.ಕೆ.ಎಸ್. ಅಯ್ಯಂಗಾರ್ ಹಗ್ಗ, ಇಟ್ಟಿಗೆ, ಕುರ್ಚಿಗಳ ಆಸರೆಯಲ್ಲಿ ಆಸನ ಮಾಡಿಸುವ ಪದ್ಧತಿ ರೂಪಿಸಿದ್ದರು. 2024ರ ಜನವರಿಯಲ್ಲಿ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಶ್ರೇಯಾಂಕಕ್ಕೇರಿದರು.

ನಿಮ್ಮನ್ನು ಕೇಳಿಕೊಳ್ಳಿ: ನಾನು ಕಳೆದುಕೊಂಡದ್ದು ಕುರ್ಚಿಯನ್ನೋ, ಕೈಚಳಕವನ್ನೋ? ಕುರ್ಚಿ ಹೋದರೆ ಅದೇ ಕೈಚಳಕಕ್ಕೆ ಬೇರೆ ಯಾರು ಕಾಸು ಕೊಡುತ್ತಾರೆ ಎಂದು ಹುಡುಕಿ. ತಂಡಕ್ಕೆ ಕೊರತೆ ಇರುವ ಗ್ಲೌಸ್ ಯಾವುದು ಎಂದು ನೋಡಿ. ಬ್ಯಾಂಕು ಬಿಟ್ಟ ಅಕೌಂಟೆಂಟ್‌ಗೆ ಊರಿನ ಹತ್ತು ಅಂಗಡಿಗಳ ಜಿಎಸ್‌ಟಿ ಲೆಕ್ಕ ಕಾದಿರಬಹುದು.

ಎಬ್ಬಿಸುವವರು ಬೇಕು

ಕಬಡ್ಡಿಯ ಒಂದು ನಿಯಮವನ್ನು ಅಕ್ಕನ ಮಗ ಅವತ್ತು ಪಾರ್ಕಿನಲ್ಲೇ ನೆನಪು ಮಾಡಿಕೊಂಡ. ಔಟಾದವನು ಅಂಕಣದಾಚೆ ತನಗೆ ಮೀಸಲಾದ ಜಾಗದಲ್ಲಿ ಕೂರಬೇಕು. ಎಷ್ಟೇ ಬಲಶಾಲಿಯಾದರೂ ತಾನಾಗಿ ಎದ್ದು ಬರುವಂತಿಲ್ಲ. ಒಳಗಿರುವ ಜೊತೆಗಾರ ಎದುರಾಳಿಯನ್ನು ಔಟ್ ಮಾಡಿದಾಗಲೇ ಹೊರಗಿರುವವನಿಗೆ ಜೀವ. ಮೊದಲು ಔಟಾದವನು ಮೊದಲು ಏಳುತ್ತಾನೆ. ಬೋನಸ್ ಅಂಕಕ್ಕೆ ಯಾರೂ ಏಳುವುದಿಲ್ಲ. ಏಳೂ ಜನ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ, ಆದರೆ ಏಳೂ ಜನ ಮತ್ತೆ ಒಳಗೆ. ಪೂರ್ತಿ ಮುಳುಗಿದ ತಂಡಕ್ಕೂ ಆಟ ಮುಂದುವರಿಯುತ್ತದೆ, ಎರಡು ಅಂಕದ ದಂಡ ತೆತ್ತು.

ಒಂದು ವಿಷಯ ಮಾತ್ರ ಕಡ್ಡಾಯ. ಔಟಾದವನು ಬೆಂಚಿನಲ್ಲಿ ಕಾಣುವಂತೆ ಕೂರಬೇಕು. ಮನೆಗೆ ಓಡಿಹೋದವನನ್ನು ಯಾರೂ ಎಬ್ಬಿಸಲಾರರು. "ನೀನೂ ಬೆಂಚಲ್ಲೇ ಕೂತಿದ್ದೀಯ, ಆದ್ರೆ ನಿನ್ ಟೀಮ್‌ನೋರಿಗೆ ಕಾಣ್ದೇ ಇರೋ ಬೆಂಚು" ಎಂದೆ. ಅವನು ಮಾತಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ.

ಸುದ್ದಿಯನ್ನು ಊರಿಗೆಲ್ಲ ಸಾರಬೇಕಿಲ್ಲ. ಮೂವರಿಗೆ ಹೇಳಿ. ಕೇಳಿಸಿಕೊಳ್ಳಲು ಒಬ್ಬರು: ಉಪದೇಶ ಮಾಡದೆ ಪಕ್ಕದಲ್ಲಿ ಕೂರುವವರು. ದಾರಿ ತೋರಲು ಒಬ್ಬರು: ಅದೇ ಕ್ಷೇತ್ರದಲ್ಲಿ ಬಿದ್ದು ಎದ್ದವರು. ಕೈಹಿಡಿಯಲು ಒಬ್ಬರು: ಅರ್ಜಿ ನೋಡಿಕೊಡುವ, ಪರಿಚಯ ಮಾಡಿಸುವ, ಅಗತ್ಯಬಿದ್ದರೆ ಹತ್ತು ಸಾವಿರ ಕೈಗಡ ಕೊಡುವವರು. ಕೇಳುವಾಗ ಸ್ಪಷ್ಟವಾಗಿ ಕೇಳಿ. "ಏನಾದ್ರೂ ಇದ್ರೆ ಹೇಳಿ" ಎಂದರೆ ಏನೂ ಬರುವುದಿಲ್ಲ. "ನಿಮ್ಮ ಕಂಪನಿಯ ಟೆಸ್ಟಿಂಗ್ ವಿಭಾಗದವರ ಜೊತೆ ಹತ್ತು ನಿಮಿಷ ಮಾತಾಡಿಸ್ತೀರಾ?" ಎಂದರೆ ಬರುತ್ತದೆ.

ಮನೆಯವರಿಗೂ ಒಂದು ಮಾತು. "ನಾನು ಅವತ್ತೇ ಹೇಳಿದ್ದೆ" ಎಂಬುದು ಬೋನಸ್ ಅಂಕದಂತೆ. ಹೇಳಿದವರ ಲೆಕ್ಕಕ್ಕೆ ಸೇರುತ್ತದೆ, ಬಿದ್ದವನು ಏಳುವುದಿಲ್ಲ.

ಮೊದಲ ಹದಿನೈದು ದಿನ: ಗೋಡೆಗೆ ಅಂಟಿಸಿಕೊಳ್ಳುವ ಪಟ್ಟಿ

ದಿನ 1–2: ಸೂತಕದ ಮೊದಲ ದಿನಗಳು. ಅಳು, ನಿದ್ದೆ. ಹೊಸ ನಿರ್ಧಾರ, ಸಾಲ, ರಾಜೀನಾಮೆ, ಸ್ಟೇಟಸ್ ಯಾವುದೂ ಬೇಡ.

ದಿನ 3: ಸ್ಕೋರ್ ಬರೆಯಿರಿ. ಹಣ, ತಾರೀಖು, ಬಾಕಿ ಎಲ್ಲವೂ ಅಂಕಿಗಳಲ್ಲಿ.

ದಿನ 4–7: ದಿನಕ್ಕೆ ಹದಿನೈದು ನಿಮಿಷ ಬರಹ, ಅರ್ಧ ಗಂಟೆ ನಡಿಗೆ. ಮೂವರಲ್ಲಿ ಮೊದಲಿಗರಿಗೆ ಹೇಳಿ.

ದಿನ 8: ಮೂರು ಕಾಲಂ. ನಿಮ್ಮ ಕೆಲಸ ಬಲ್ಲ ಒಬ್ಬರಿಗೆ ತೋರಿಸಿ.

ದಿನ 9–14: ದಿನಕ್ಕೆ ಒಂದು ಗಂಟೆಯ ಅಭ್ಯಾಸ. ಸಮಯ, ಜಾಗ ಮೊದಲೇ ಗೊತ್ತಿರಲಿ: "ತಿಂಡಿ ಆದ ಕೂಡಲೇ, ಕಿಟಕಿ ಪಕ್ಕದ ಮೇಜಿನಲ್ಲಿ".

ದಿನ 15: ಬೆಳಿಗ್ಗೆ ಎದ್ದಾಗ ಹೇಗಿತ್ತು? ಅದರ ಮೇಲೆ ಭಾರ ಏರಿಸಿ, ಇಲ್ಲವೇ ಇಳಿಸಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಕುಡಿತ ಹೆಚ್ಚಿದ್ದರೆ ಇದು ಪಟ್ಟಿಯಿಂದ ಬಗೆಹರಿಯುವ ವಿಷಯವಲ್ಲ. ಬದುಕೇ ಬೇಡ ಅನ್ನಿಸತೊಡಗಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೂಳೆ ಮುರಿದ ಆಟಗಾರನಿಗೆ ಯಾರೂ "ಮನಸ್ಸು ಗಟ್ಟಿ ಮಾಡ್ಕೊ" ಎನ್ನುವುದಿಲ್ಲ, ಎಕ್ಸ್‌ರೇ ತೆಗೆಸುತ್ತಾರೆ.

ಮತ್ತೆ ಬಿದ್ದರೆ?

ಜೂಡೊ ಕಲಿಯಲು ಹೋದವರಿಗೆ ಮೊದಲು ಹೇಳಿಕೊಡುವುದು ಎದುರಾಳಿಯನ್ನು ಕೆಡವುವುದನ್ನಲ್ಲ, ತಾವು ಬೀಳುವುದನ್ನು. ಗದ್ದ ಎದೆಗೆ ಒತ್ತಿ, ತೋಳು ಚಾಪೆಗೆ ಬಡಿದು, ಪೆಟ್ಟನ್ನು ಮೈಯೆಲ್ಲ ಹಂಚಿಕೊಂಡು ಬೀಳುವ ವಿದ್ಯೆ. ಚೆನ್ನಾಗಿರುವ ದಿನಗಳಲ್ಲೇ ನಾವೂ ಇದನ್ನು ಕಲಿಯಬಹುದು. ಮೂರರಿಂದ ಆರು ತಿಂಗಳ ಖರ್ಚಿಗಾಗುವಷ್ಟು ಹಣ, ಆರೋಗ್ಯ ವಿಮೆ, ಕೆಲಸದ ಆಚೆಗೂ ಉಳಿಯುವ ನಾಲ್ವರು ಸ್ನೇಹಿತರು, ಹುದ್ದೆಗೆ ಸಂಬಂಧವಿಲ್ಲದ ಒಂದು ಹವ್ಯಾಸ. ಪೆಟ್ಟು ಒಂದೇ ಕಡೆ ಬೀಳದಂತೆ ಇವು ಹಂಚಿಕೊಳ್ಳುತ್ತವೆ.

ಯಾಕೆಂದರೆ ಸೋಲು ಒಮ್ಮೆ ಬಂದು ಬಾಕಿ ತೀರಿಸಿಕೊಂಡು ಹೋಗುವ ಅತಿಥಿಯಲ್ಲ. ಟೋಕಿಯೊದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ 2024ರ ಪ್ಯಾರಿಸ್‌ನಲ್ಲಿ ಒಂದೇ ಒಂದು ಕಿಲೋದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ನಮ್ಮ ಕರುಣ್ ನಾಯರ್ ಕತೆ ಇನ್ನೂ ಹತ್ತಿರದ್ದು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದಾಗ ಅದು ಅವರ ಮೂರನೇ ಟೆಸ್ಟ್. ಮುಂದಿನ ಟೆಸ್ಟ್‌ನಲ್ಲಿ ಹನ್ನೊಂದರ ಬಳಗದಲ್ಲಿ ಅವರಿಗೆ ಜಾಗವಿರಲಿಲ್ಲ. 2017ರ ಮಾರ್ಚ್ ನಂತರ ವರ್ಷಗಟ್ಟಲೆ ಭಾರತದ ಪರ ಆಡುವ ಅವಕಾಶವೇ ಸಿಗಲಿಲ್ಲ. 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಗೆ. ಆ ಡಿಸೆಂಬರ್‌ನಲ್ಲಿ, ಇನ್ನೊಂದು ಅವಕಾಶ ಕೊಡು ಎಂದು ಅವರು ಕ್ರಿಕೆಟ್ಟನ್ನೇ ಬೇಡಿಕೊಂಡ ಒಂದು ಸಾಲಿನ ಟ್ವೀಟ್ ಅನೇಕರಿಗೆ ನೆನಪಿದೆ.

ಬೇಡಿಕೊಂಡು ಕೂರಲಿಲ್ಲ. ಇಂಗ್ಲೆಂಡಿನ ಕೌಂಟಿಗೆ ಹೋದರು, ವಿದರ್ಭದ ಜೆರ್ಸಿ ತೊಟ್ಟರು. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕಗಳೊಡನೆ 779 ರನ್ ಗಳಿಸಿದರು. ಇಡೀ ಟೂರ್ನಿಯಲ್ಲಿ ಔಟಾದದ್ದು ಎರಡೇ ಸಲ. ಫೈನಲ್‌ನಲ್ಲಿ ಸೋತದ್ದು ಕರ್ನಾಟಕದ ಎದುರೇ! ಅದೇ ಋತುವಿನ ರಣಜಿಯಲ್ಲಿ 863 ರನ್, ವಿದರ್ಭ ಚಾಂಪಿಯನ್. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ಬಳಿಕ, ಮತ್ತೆ ಭಾರತದ ಟೆಸ್ಟ್ ಕ್ಯಾಪ್.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಲೀಡ್ಸ್‌ನಲ್ಲಿ ಮರಳಿದ ಮೊದಲ ಇನಿಂಗ್ಸ್‌ನಲ್ಲಿ ಅವರು ಗಳಿಸಿದ್ದು ಸೊನ್ನೆ. ಸರಣಿಯಲ್ಲಿ ಒಂದೇ ಅರ್ಧಶತಕ. ಮುಂದಿನ ಸರಣಿಗೆ ಹೆಸರಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಅವರು ಕರ್ನಾಟಕಕ್ಕೆ ಮರಳಿ, ಶಿವಮೊಗ್ಗದಲ್ಲಿ ಗೋವಾ ವಿರುದ್ಧ ರಣಜಿ ಪಂದ್ಯ ಆಡುತ್ತಿದ್ದರು. ಔಟಾಗದೆ 174.

ಆ 174ರಿಂದ ಏನು ಸಿಗುತ್ತದೆಂದು ಹೊಡೆಯುವಾಗ ಅವರಿಗೂ ಗೊತ್ತಿರಲಿಲ್ಲ. ಅಂದಿನ ಕೆಲಸ ಬ್ಯಾಟಿಂಗ್, ಬ್ಯಾಟ್ ಮಾಡಿದರು.

ಅಕ್ಕನ ಮಗ ಪಾರ್ಕಿನಲ್ಲಿ ಸಿಕ್ಕ ದಿನ ರಾತ್ರಿ ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿಬಿಟ್ಟನಂತೆ. ಅಕ್ಕ ಒಗ್ಗರಣೆ ಸೌಟು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಇಷ್ಟೇ: "ಹಾಗಾದ್ರೆ ನಾಳೆಯಿಂದ ಡಬ್ಬಿ ಬೇಡ್ವೇನೋ?"

"ಬೇಕಮ್ಮ. ಲೈಬ್ರರಿಗೆ ಹೋಗ್ತೀನಿ."